ಮೊದಲೇ ಹಾಕಿದ ರೈಟ್ ಗುರುತು

ಆಗಸ್ಟ್ 7, ಗುರುವಾರ

ಮೂರು ತಿಂಗಳ ಮ್ಯಾಲ ಈ ಡೈರಿ ತಗದೇನಿ. ಒಳಗಿನ ಸಿಟ್ಟು ಎಲ್ಲ್ಯಾದ್ರೂ ಚೆಲ್ಲಬೇಕಲ್ಲ. ನಮ್ಮ ಮನಿಯವರ ಮುಂದ ಚೆಲ್ಲಿದ್ರ, "ಮತ್ತ ಶುರು ಆತು ನಿಂದು" ಅಂತ ಟೀವಿ ಸೌಂಡ್ ಏರಿಸ್ತಾರ.

ಇವತ್ತ ಆಳಂದದಾಗ ಮೀಟಿಂಗ್. ಸೋಮವಾರ ಸಾಲಿ ಹುಡುಗರಿಗೆಲ್ಲಾ ಜಂತುಹುಳದ ಗುಳಿಗಿ ಕೊಡೋದದ. ವರ್ಷಕ್ಕ ಎರಡು ಸರ್ತಿ, ಫೆಬ್ರುವರಿಗೊಂದು, ಆಗಸ್ಟಿಗೊಂದು. ಪ್ರತಿ ಸರ್ತಿ ಅದೇ ಮಾತು. ಊಟ ಆದಮ್ಯಾಲ ಕೊಡ್ರಿ, ಕಣ್ಣ ಮುಂದ ಅಗಿಸ್ರಿ, ಮೈಯಾಗ ನೆಟ್ಟಗಿಲ್ಲದವರಿಗಿ ಕೊಡಬ್ಯಾಡ್ರಿ, ಅವತ್ತ ಬರಲಾರದವರಿಗಿ ಮುಂದಿನ ಸೋಮವಾರ ಕೊಡ್ರಿ. ಇಷ್ಟೆಲ್ಲಾ ಹೇಳಿ ಕಡೀಕ ಏನಂತಾರ? ಮೂರು ಗಂಟೆದೊಳಗ ರಿಪೋರ್ಟ್ ಮೊಬೈಲಿಗಿ ಬರಬೇಕ್ರಿ!

ನಮ್ಮ ತೊಗರವಾಡಿ ಸಾಲ್ಯಾಗ ಎರಡುನೂರಾ ಹನ್ನೆರಡು ಹುಡುಗರು. ಇಬ್ಬರು ಮಾಸ್ತರರು ರಜಾದ ಮ್ಯಾಲ. ಗುಳಿಗಿ ಜವಾಬ್ದಾರಿ ನಂದು ಒಬ್ಬಾಕೀದು. ಎಲ್ಲಾರಿಗೂ ಊಟ ಮಾಡಿಸಿ, ಗುಳಿಗಿ ಅಗಿಸಿ, ಬಾಯಿ ತಗಿಸಿ ನೋಡಿ, ಹೆಸರಿನ ಮುಂದ ರೈಟ್ ಹಾಕಿ, ಕೂಡಿಸಿ, ಮೂರಕ್ಕ ಕಳಿಸಬೇಕಂದ್ರ ನನಗ ನಾಲ್ಕು ಕೈ ಇರಬೇಕು.

ಅದಕ್ಕ ನಂದೊಂದು ಪದ್ಧತಿ ಅದ. ಗುಳಿಗಿ ದಿನಕ್ಕಿಂತ ಮೊದಲೇ ಕೂತು ಎಲ್ಲಾ ಹೆಸರಿಗೂ ರೈಟ್ ಹಾಕಿ ಇಟ್ಟುಬಿಡ್ತೇನಿ. ಇವತ್ತ ಮೀಟಿಂಗಿನಿಂದ ಸಾಲಿಗಿ ಬಂದು, ಸಂಜೀ ಬಸ್ ಬರೋದ್ರೊಳಗ ಮುಗಿಸಿದೆ. ಗೈರಹಾಜರಿ ಸೊನ್ನಿ, ಅಸ್ವಸ್ಥ ಸೊನ್ನಿ. ಹೆಡ್‌ಮಾಸ್ತರ ಸಿದ್ದರಾಮೇಶ ಸರ್ ಬಗ್ಗಿ ನೋಡಿ, "ನಿಮ್ಮಂಥವರು ಇನ್ನಿಬ್ಬರಿದ್ರ ನಮ್ಮ ಸಾಲಿ ಎಲ್ಲೋ ಇರ್ತಿತ್ರಿ ಮೇಡಂ" ಅಂದರು.

ಐದು ವರ್ಷ ಆತು, ನಮ್ಮ ಸಾಲಿ ನೂರಕ್ಕ ನೂರು. ಅದರ ಸರ್ಟಿಫಿಕೇಟ್ ಆಫೀಸಿನ ಗ್ವಾಡಿ ಮ್ಯಾಲ ಅದ. ಅದರಾಗ ನನ್ನ ಹೆಸರೂ ಅದ, ಮೈತ್ರೇಯಿ, ಸಹಶಿಕ್ಷಕಿ ಅಂತ. ಸುಳ್ಳ್ಯಾಕ ಹೇಳ್ಲಿ, ನೋಡಿದಾಗೊಮ್ಮೆ ಛಲೋ ಅನಿಸ್ತದ.

ಆಗಸ್ಟ್ 11, ಸೋಮವಾರ

ಮುಗೀತಪಾ ಮುಗೀತು! ಕಾಲು ಬಿದ್ದುಹೋಗ್ಯಾವ.

ಮುಂಜಾನೆ ನರೋಣಾದಾಗ ಬಸ್ ಅರ್ಧ ತಾಸು ನಿಂತುಬಿಡ್ತು. ಸಾಲಿಗಿ ಹೋದ್ರ ಶ್ರಾವಣ ಸೋಮವಾರ ಒಪ್ಪತ್ತು ಅಂತ ಏಳೆಂಟು ಹುಡುಗ್ಯಾರು ಊಟ ಬಿಟ್ಟು ಕೂತಾರ. ಅವರಿಗಿ ಬಾಳೆಹಣ್ಣು ತಿನ್ನಿಸಿ ಕೊಡಬೇಕಾತು. ಏಳನೇ ಕ್ಲಾಸಿನ ಹುಡುಗರಂತೂ ಗುಳಿಗಿ ಗಲ್ಲದಾಗ ಒತ್ತಿ ಇಟ್ಟುಕೊಂಡು, ಬಾಯಿ ತಗದು ತೋರಿಸಿ, ಹೊರಗ ಹೋಗಿ ಉಗಳಾಕತ್ತಿದ್ದರು. ಮೂವರನ್ನ ಕಿವಿ ಹಿಡದು ಕರಕೊಂಡು ಬಂದೆ. ಮಂಗ್ಯಾಗಳು.

ಐದನೇತ್ತದ ಒಂದು ಹುಡುಗಿ ಭಾಳ ಸತಾಯಿಸಿದಳು. ಜೂನ್ ತಿಂಗಳದಾಗ ಪುಣೆದಿಂದ ವಾಪಸ್ ಬಂದಾಕಿ. ಕಡ್ಡಿಯಂಥ ಕೈಕಾಲು, ಹೊಟ್ಟಿ ಮಾತ್ರ ಮುಂದ. ಸಾಲಿನ್ಯಾಗ ನಿಂತಾಕಿ ಹೊಟ್ಟಿ ಹಿಡಕೊಂಡು ಕೆಳಗ ಕೂತುಬಿಟ್ಟಳು. "ಟೀಚರ್, ಹೊಟ್ಟಿ ಕಡ್ಯಾಕತ್ತದ್ರಿ" ಅಂದಳು. ಗುಳಿಗಿ ದಿನ ಎಲ್ಲಾರ ಹೊಟ್ಟೀನೂ ಕಡಿತದ. "ಕಡ್ಯೋ ಹೊಟ್ಟಿಗೇ ಇದು ಔಷಧ. ನಾಟಕ ಸಾಕು, ಬಾಯಿ ತಗಿ" ಅಂದೆ. ಅಡಗಿ ಮಾಡೋ ಫಕ್ರುನ್ನಿಸಾ ನಡುವ ಬಂದು, "ಬಾಯಾರ, ಶುಕ್ರವಾರದಿಂದ ಈಕಿ ತಾಟು ಹಂಗೇ ವಾಪಸ್ ಬರಾಕತ್ತದ್ರಿ. ಅನ್ನ ಮುಟ್ಟಿಲ್ಲ" ಅಂದಳು. "ನೀ ನಿನ್ನ ಡಬರಿ ನೋಡ್ಕೋ ಬೇ" ಅಂದೆ. ಹುಡುಗಿ ಅಳಕೋತ ಅಗದಳು. ಬಾಯಿ ತಗಿಸಿ ನೋಡಿದೆ, ಖಾಲಿ ಇತ್ತು.

ಮೂರಕ್ಕ ಐದು ನಿಮಿಷ ಇರುವಾಗ ರಿಪೋರ್ಟ್ ಹೋತು. 212ಕ್ಕ 212. ಇಪ್ಪತ್ತಾರು ಮಂದಿ ಸಾಲಿಗೇ ಬಂದಿರಲಿಲ್ಲ, ಅದು ಬ್ಯಾರೆ ಮಾತು. ಅವರ ಪಾಲಿನ ಗುಳಿಗಿ ಉಳಿದ್ರ ಸ್ಟಾಕಿನ ಲೆಕ್ಕ ಕೂಡಂಗಿಲ್ಲ. ಯಾವಾಗಿನಂಗ ಶೌಚಾಲಯದ ಗುಂಡಿಗಿ ಹಾಕಿ ಎರಡು ಕೊಡ ನೀರು ಹೊಯ್ದೆ.

ಮೇಲಿನವರಿಂದ ಮೊಬೈಲ್ ಗ್ರೂಪಿನ್ಯಾಗ ಮೂರು ಚಪ್ಪಾಳಿ ಗುರುತು ಬಂದಾವ. ನಾಳಿಗಿ ರಜಾ ಕೇಳಬೇಕು ಅನಿಸ್ತದ.

ಆಗಸ್ಟ್ 12, ಮಂಗಳವಾರ

ಅಕ್ಷರ ನೆಟ್ಟಗ ಬೀಳವಲ್ವು.

ಬಸ್ ಇಳಿಯೋದ್ರೊಳಗ ಸಾಲಿ ಗೇಟಿನ ಮುಂದ ಐವತ್ತು ಅರವತ್ತು ಮಂದಿ. "ಬಂದಳು ನೋಡ್ರೆಪಾ, ಈಕೀನೇ" ಅಂದ ಒಬ್ಬ. "ಏನ್ ತಿನ್ನಿಸಿದಿ ನಮ್ಮ ಹುಡುಗರಿಗಿ?" ಅಂತ ಮತ್ತೊಬ್ಬ ಸೀದಾ ಮೈಮ್ಯಾಲ ಬಂದ. ನನಗ ಏನೂ ತಿಳೀಲಿಲ್ಲ. ಹೆಡ್‌ಮಾಸ್ತರ ಗೇಟ್ ಸಂದ್ಯಾಗಿಂದ ನನ್ನ ಒಳಗ ಎಳಕೊಂಡು ಕೀಲಿ ಹಾಕಿದರು.

ಆದದ್ದು ಇಷ್ಟು. ನಿನ್ನಿ ಅತ್ತ ಹುಡುಗಿ, ಸಂಜೀಕ ಮನ್ಯಾಗ ವಾಂತಿ ಮಾಡಿಕೊಂಡಾಳ. ವಾಂತ್ಯಾಗ ಹುಳ ಬಿದ್ದಾವ, ಗೇಣುದ್ದದವು, ಜೀವ ಇದ್ದವು. ಹೊಟ್ಟಿ ಕಲ್ಲಾಗಿ ಊದ್ಯದ. ಅಪ್ಪ ಜೈಭೀಮ ಗಾಡಿ ಮಾಡಿಕೊಂಡು ಆಳಂದಕ್ಕ ಒಯ್ದಾನ, ಅಲ್ಲಿಂದ ಕಲಬುರಗಿ ದೊಡ್ಡ ದವಾಖಾನಿಗಿ ಕಳಿಸ್ಯಾರ. ಇವತ್ತ ಮುಂಜಾನೆ ಆಪರೇಷನ್ ಆಗ್ಯದ. ವಾಂತಿ ಮಾಡಿಕೊಂಡದ್ದು ಯಾರೋ ಮೊಬೈಲಿನ್ಯಾಗ ಹಿಡದು ಊರೆಲ್ಲಾ ಹಂಚ್ಯಾರ. ಕಡೀಕ ಮಂದಿ ಗೇಟಿನ ಕೀಲಿ ತಗಿಸಿ ಒಳಗ ಬಂದು ತಮ್ಮ ತಮ್ಮ ಹುಡುಗರ ರಟ್ಟಿ ಹಿಡದು ಕರಕೊಂಡು ಹೋದರು. ಹನ್ನೊಂದಕ್ಕ ಸಾಲಿ ಖಾಲಿ.

ಜೈಭೀಮನ ಓಣಿಗಿ ಜಲ್ಮದಾಗ ಕಾಲಿಡಲಾರದವರೂ ಇವತ್ತ "ನಮ್ಮ ಊರ ಮಗಳು" ಅಂತ ಎದಿ ಬಡಕೊಳ್ಳಾಕತ್ತಿದ್ದರು.

ಸಿದ್ದರಾಮೇಶ ಸರ್ ಬಿಳಿ ಹಾಳಿ ಮುಂದಿಟ್ಟರು. "ಮೇಡಂ, ನಿಮ್ಮ ನೌಕರಿ, ನನ್ನ ನೌಕರಿ ಎರಡೂ ಇದರಾಗ ಅವ. ನಾ ಹೇಳಿದ್ದು ಬರೀರಿ." ಬರದೆ. 'ಗುಳಿಗೆ ನೀಡುವ ಮುನ್ನ ಬಾಲಕಿಯ ಆರೋಗ್ಯ ವಿಚಾರಿಸಲಾಗಿದ್ದು, ಬಾಲಕಿಯು ಯಾವುದೇ ತೊಂದರೆ ಹೇಳಿರುವುದಿಲ್ಲ.' ಕೆಳಗ ಸಹಿ ಮಾಡಿದೆ. ಫಕ್ರುನ್ನಿಸಾ ಬಾಗಲದಾಗ ನಿಂತು ನೋಡಾಕತ್ತಿದ್ದಳು. ನಾ ತಲಿ ಎತ್ತಲಿಲ್ಲ.

ಮನ್ಯಾಗ ಹೇಳಿದೆ. ನಮ್ಮ ಮನಿಯವರು ಟೀವಿ ಬಂದ್ ಮಾಡಿ ಕೇಳಿದರು. "ಯಾವ ಹುಡುಗಿ? ಹೆಸರೇನು?" ಅಂದರು.

ಅಮೃತಾ ಅಂದೆ.

ಆಗಸ್ಟ್ 13, ಬುಧವಾರ

ಕಲಬುರಗಿಗಿ ಹೋಗಿದ್ದೆ. ಹೋಗಬ್ಯಾಡ ಅಂದಿದ್ದರು ಎಲ್ಲಾರೂ.

ಅಮೃತಾ ಐಸಿಯು ಒಳಗ ಅದಾಳ. ಗಾಜಿನ ಕಿಟಕ್ಯಾಗಿಂದ ನೋಡಿದೆ. ಮೂಗಿಗಿ ನಳಗಿ, ಹೊಟ್ಟಿ ಮ್ಯಾಲ ಬಟ್ಟಿ ಕಟ್ಟ್ಯಾರ. ಸಾಲ್ಯಾಗ ನೋಡಿದ್ದಕ್ಕಿಂತ ಭಾಳ ಸಣ್ಣಾಕಿ ಕಾಣಿಸಿದಳು. ಆಕಿ ಅವ್ವ ಮಲ್ಕಮ್ಮ ಹೊರಗ ಮೆಟ್ಟಲ ಮ್ಯಾಲ ಕೂತಿದ್ದಳು. ನನ್ನ ನೋಡಿ ಎದ್ದು ನಿಂತಳು, ಸೆರಗು ಸರಿ ಮಾಡಿಕೊಂಡಳು. ಮಗಳ ಟೀಚರ್ ಬಂದಾರಂತ ಎದ್ದು ನಿಂತಳು! ನನಗ ನೆಲ ಬಾಯಿ ಬಿಡಬಾರದೇನು ಅನಿಸ್ತು.

ಡಾಕ್ಟರು ನಾ ಯಾರು ಅನ್ನೋದು ಕೇಳಿ ಬಾಜೂಕ ಕರದರು. ಸಣ್ಣ ಕರುಳಿನ್ಯಾಗ ಹುಳ ಹಗ್ಗ ಹೊಸದಂಗ ಗಂಟಾಗಿದ್ವಂತ. ಕರುಳು ಕೊಳ್ಯಾಕತ್ತಿತ್ತು, ಒಂದು ಮೊಳ ಕತ್ತರಿಸಿ ತಗದಾರ. ವಿಷ ರಕ್ತಕ್ಕ ಏರ್ಯದ.

"ಗುಳಿಗಿಯಿಂದ ಆತೇನ್ರಿ ಸರ್?" ಅಂದೆ.

"ಅಲ್ಲ. ಗಂಟು ಮೊದಲೇ ಇತ್ತು. ಆದ್ರ ಹೊಟ್ಟಿನೋವು ಇದ್ದ ಮಗುವಿಗಿ ಅವತ್ತ ಕೊಡಬಾರದು, ನಮ್ಮ ಕಡೆ ಕಳಿಸಬೇಕು. ಆಕಿ ಏನೂ ಹೇಳಲಿಲ್ಲೇನು?"

ಅವರು ನನ್ನ ಮಾರಿ ನೋಡಿ ಮತ್ತ ಕೇಳಿದರು. "ಒಂದು ವಿಚಾರ ನನಗ ತಿಳೀವಲ್ಲದು. ಆರು ತಿಂಗಳಿಗೊಮ್ಮೆ ಗುಳಿಗಿ ತಗೊಂಡ ಮಗೂನ ಹೊಟ್ಟ್ಯಾಗ ಇಷ್ಟು ಹುಳ ಇರಾಕ ಸಾಧ್ಯ ಇಲ್ಲ. ಹಿಂದಿನ ಗುಳಿಗಿ ಯಾವಾಗ ಕೊಟ್ಟಿದ್ರಿ?"

"ಫೆಬ್ರುವರಿ" ಅಂದೆ. "ರಜಿಸ್ಟರಿನ್ಯಾಗ ಅದ."

ಪಟ್ಟನ ಬಂತು ಬಾಯಿಂದ.

ಆಗಸ್ಟ್ 14, ಗುರುವಾರ

ಇವತ್ತ ಹನ್ನೊಂದು ಹುಡುಗರು ಬಂದಿದ್ದರು. ಅವರನ್ನ ಆಟಕ್ಕ ಬಿಟ್ಟು ನಾ ಆಫೀಸಿನ್ಯಾಗ ಕೂತು ರಜಿಸ್ಟರ್ ತಗದೆ. ಒಂದು ಕಡಿ ಹಾಜರಿ, ಒಂದು ಕಡಿ ಗುಳಿಗೀದು.

ಅಮೃತಾ ಜೈಭೀಮ. ಎರಡನೇ ಕ್ಲಾಸಿನ್ಯಾಗಿದ್ದಾಗ ಪುಣೆಗಿ ಹೋದಾಕಿ. ಅವ್ವ ಅಪ್ಪ ಅಲ್ಲಿ ಬಿಲ್ಡಿಂಗ್ ಕೆಲಸಕ್ಕ. ಹೆಸರು ಮಾತ್ರ ನಮ್ಮ ಹಾಜರಿ ಪಟದಾಗ ಇಟ್ಟುಕೊಂಡಿದ್ದೆವು, ಸಂಖ್ಯಾ ಕಮ್ಮಿ ಆಗಬಾರದು ಅಂತ. ಹಾಜರಿ ಹಾಳಿ ಮ್ಯಾಲ ಎರಡೂವರಿ ವರ್ಷ ಗೈರು, ಗೈರು, ಗೈರು. ಅದೇ ದಿನಗಳ ಗುಳಿಗಿ ರಜಿಸ್ಟರಿನ್ಯಾಗ ನನ್ನ ಕೈಲೆ ಹಾಕಿದ ರೈಟ್. ಐದು ರೈಟ್. ಹಾಳಿ ತಿರುವಿ ತಿರುವಿ ನೋಡಿದೆ, ಎಲ್ಲ್ಯಾದ್ರೂ ಒಂದು ಬಿಟ್ಟಿರಬಹುದು ಅಂತ. ಒಂದೂ ಬಿಟ್ಟಿಲ್ಲ. ಮೊನ್ನಿ ಸೋಮವಾರದ್ದು ಆರನೇದು. ಆರರಾಗ ಖರೇ ಅನ್ನೋದು ಅದೊಂದೇ, ಅದೊಂದನ್ನ ಕೊಡಬಾರದಿತ್ತು.

ಇಷ್ಟಕ್ಕೇ ನಿಂತಿದ್ರ ಹೆಂಗೋ ಮನಸ್ಸಿಗಿ ಸಮಾಧಾನ ಹೇಳಿಕೊಳ್ತಿದ್ದೆ. ಪುಣೆದಾಗಿದ್ದಾಕಿಗಿ ನಾ ಹೆಂಗ ಕೊಡ್ಲಿ ಅಂತ. ಆದ್ರ ನೆನಪು ಅನ್ನೋದು ಬಿಡಬೇಕಲ್ಲ.

ಜುಲೈದಾಗ ಆರೋಗ್ಯ ಇಲಾಖೆಯವರು ಹುಡುಗರನ್ನ ತಪಾಸಣಿ ಮಾಡಾಕ ಬಂದಿದ್ದರು. ಒಬ್ಬಾಕಿ ನರ್ಸಮ್ಮ ಅಮೃತಾನ್ನ ನಿಲ್ಲಿಸಿ, ಕಣ್ಣು ಕೆಳಗ ಜಗ್ಗಿ ನೋಡಿ, ಹೊಟ್ಟಿ ಒತ್ತಿ ನೋಡಿ, "ಟೀಚರ್, ಈಕಿ ಭಾಳ ಬೆಳ್ಳಗ ಅದಾಳ. ಹುಳದ ಗುಳಿಗಿ ಕೊಟ್ಟೀರೇನ್ರಿ?" ಅಂತ ಕೇಳಿದಳು. ನಾ ರಜಿಸ್ಟರ್ ತಗದು ಬಟ್ಟು ಇಟ್ಟು ತೋರಿಸಿದೆ. "ಇಲ್ಲಿ ನೋಡ್ರಿ, ಫೆಬ್ರುವರಿ, ಕೊಟ್ಟೇವಿ. ನಮ್ಮ ಸಾಲ್ಯಾಗ ಯಾರೂ ಬಿಟ್ಟಿಲ್ಲ." ಅಂದ ಮ್ಯಾಲ ಆಕಿ ರಕ್ತ ಹೆಚ್ಚಾಗೋ ಗುಳಿಗಿ ಬರಕೊಟ್ಟು ಹೋದಳು. ಹೋಗೋವಾಗ "ಛಲೋ ಇಟ್ಟೀರಿ ರಜಿಸ್ಟರ್" ಅಂತ ಹೊಗಳಿದಳು ಸೈತ.

ನರ್ಸಮ್ಮ ಆಕಿ ಹೊಟ್ಟಿ ಮ್ಯಾಲ ಕೈ ಇಟ್ಟಿದ್ದಳು. ಅಷ್ಟು ಹತ್ತರ ಬಂದಿತ್ತು. ನಾ ರೈಟ್ ತೋರಿಸಿ ಕಳಿಸಿದೆ.

ನಾನೇ ಮಾಡೇನಿ. ಇದನ್ನ ಬರದ್ರ ಎದಿ ಹಗುರ ಆಗ್ತದ ಅನಕೊಂಡಿದ್ದೆ. ಆಗಲಿಲ್ಲ.

ಆಗಸ್ಟ್ 15, ಶುಕ್ರವಾರ

ಝೆಂಡಾ ಏರಿಸಿದೆವು. ಹುಡುಗರಿಗಿಂತ ಲಾಡು ಹೆಚ್ಚಿದ್ವು.

ಕಲಬುರಗಿಗಿ ಫೋನ್ ಹಚ್ಚಿದೆ. ಜೈಭೀಮ ಎತ್ತಿದ. "ಇನ್ನಾ ಕಣ್ಣು ತಗದಿಲ್ರಿ" ಅಂದ. ಹಿಂದ ಯಾರೋ ಅಳಾಕತ್ತಿದ್ದರು.

ಆಗಸ್ಟ್ 16, ಶನಿವಾರ

ಹೇಳಿದೆ. ಮಲ್ಕಮ್ಮಗ ಎಲ್ಲಾ ಹೇಳಿದೆ.

ಬಸ್ಸಿನ್ಯಾಗ ಕೂತಾಗ ಹೇಳೋ ವಿಚಾರ ಇರಲಿಲ್ಲ. ನಮ್ಮ ಮನಿಯವರು ಕೈ ಮುಗದು ಕೇಳಿದ್ದರು. "ನೀ ದವಾಖಾನಿಗಿ ಹೋಗು, ಹಣ್ಣು ಕೊಡು, ಅಳು. ಆದ್ರ ಬಾಯಿ ಬಿಡಬ್ಯಾಡ ಮಾರಾಯ್ತಿ. ನಾಳಿಗಿ ಕೇಸ್ ಆದ್ರ ನಿನ್ನ ಹಿಂದ ಒಬ್ಬರೂ ನಿಲ್ಲಂಗಿಲ್ಲ." ಅವರ ಮಾತಿನ್ಯಾಗ ತಪ್ಪೇನದ. ಸೇಬು ತಗೊಂಡೆ. ಕಣ್ಣು ತಗಿಯಲಾರದ ಹುಡುಗಿಗಿ ಸೇಬು ಒಯ್ದೆ. ನನ್ನ ಬುದ್ಧಿ ನೋಡು.

ಮಲ್ಕಮ್ಮ ಅದೇ ಮೆಟ್ಟಲ ಮ್ಯಾಲ ಇದ್ದಳು. ನಾಲ್ಕು ದಿನದ ಸೀರಿ ಅದೇ. ಈ ಸರ್ತಿ ಏಳಲಿಲ್ಲ, ಬಾಜೂಕ ಜಾಗ ಮಾಡಿಕೊಟ್ಟಳು. ಕೂತೆ.

"ಬಾಯಾರ, ಎಲ್ಲಾರೂ ಗುಳಿಗಿ ಜಾಸ್ತಿ ಆಗ್ಯದ ಅನ್ನಾಕತ್ತಾರ. ಖರೇ ಏನ್ರಿ?" ಅಂದಳು. ಸಿಟ್ಟಿಲ್ಲ ಮಾತಿನ್ಯಾಗ. ಗೊತ್ತಿದ್ದವರನ್ನ ಕೇಳಿದಂಗ ಕೇಳಿದಳು.

ಆಗ ತಡಕೊಳ್ಳಾಕ ಆಗಲಿಲ್ಲ.

"ಜಾಸ್ತಿ ಆಗಿಲ್ಲ ಮಲ್ಕಮ್ಮ. ಸೋಮವಾರದ್ದು ಬಿಟ್ರ ಎರಡೂವರಿ ವರ್ಷ ಆಕಿಗಿ ಗುಳಿಗಿ ಬಿದ್ದೇ ಇಲ್ಲ. ನೀವು ಪುಣೆದಾಗ ಇದ್ದಾಗ ಐದು ಸರ್ತಿ ಕೊಟ್ಟೇವಂತ ನಾನೇ ಸುಳ್ಳ ಬರದೇನಿ. ಜುಲೈದಾಗ ನರ್ಸಮ್ಮ ಕೇಳಿದಾಗಲೂ ಅದನ್ನೇ ತೋರಿಸಿದೆ. ಸೋಮವಾರ ಆಕಿ ಹೊಟ್ಟಿ ಕಡಿತದ ಅಂತ ಹೇಳಿದಳು. ನಾ ನಾಟಕ ಮಾಡಬ್ಯಾಡ ಅಂದೆ. ದವಾಖಾನಿಗಿ ಕಳಿಸಬೇಕಿತ್ತು. ಕಳಿಸಲಿಲ್ಲ."

ಆಕಿ ನನ್ನ ಮಾರಿ ನೋಡಿದಳು. "ಐದು ಸರ್ತಿ ಬರದೀರಿ?" ಅಂದಳು.

"ಹೌದು."

"ಆ ಗುಳಿಗಿ ಎಲ್ಲಿ ಹೋದವ್ರಿ?"

ಈ ಪ್ರಶ್ನಿ ಬರ್ತದಂತ ನಾ ಅನಕೊಂಡೇ ಇರಲಿಲ್ಲ. ಇದಕ್ಕೂ ಸುಳ್ಳ ಹೇಳಬಹುದಿತ್ತು, ನಾಲಿಗಿ ತುದೀಗಿ ಬಂದಿತ್ತು.

"ಶೌಚಾಲಯದ ಗುಂಡ್ಯಾಗ ಹಾಕಿದೆ."

ಹೊಡೀತಾಳ ಅನಕೊಂಡೆ. ಹೊಡದಿದ್ರ ಛಲೋ ಇತ್ತು. ಆಕಿ ಎದ್ದು ಎರಡು ಮೆಟ್ಟಲ ಮ್ಯಾಲ ಹೋಗಿ, ನನಗ ಬೆನ್ನು ಮಾಡಿ ಕೂತಳು. ಅಲ್ಲಿಂದಲೇ, "ಹೋಗ್ರಿ ಬಾಯಾರ" ಅಂದಳು. ಸಣ್ಣ ದನಿ. "ಇವರಪ್ಪ ಚಾ ತರಾಕ ಹೋಗ್ಯಾನ. ಬರೋದ್ರೊಳಗ ಹೋಗ್ರಿ."

ಸೇಬಿನ ಚೀಲ ಅಲ್ಲೇ ಬಿಟ್ಟು ಬಂದೆನೋ, ಬಸ್ಸಿನ್ಯಾಗ ಬಿಟ್ಟೆನೋ, ನೆನಪಿಲ್ಲ.

ಆಗಸ್ಟ್ 17, ರವಿವಾರ

ಅಮೃತವ್ವ ಹೋದಳು. ಮುಂಜಾನೆ ಆರೂವರಿಗಿ.

ಸಂಜೀಕ ತೊಗರವಾಡಿಗಿ ಹೋದೆ. ಮಣ್ಣಾಗಿತ್ತು. ಊರ ಹೊರಗ ಬಸ್ ಸ್ಟಾಪಿನ್ಯಾಗ ನಿಂತು ಅಲ್ಲಿಂದಲೇ ವಾಪಸ್ ಬಂದೆ. ಓಣಿ ಒಳಗ ಹೋಗಾಕ ಧೈರ್ಯ ಬರಲಿಲ್ಲ.

ಹತ್ತು ವರ್ಷದಾಕಿ.

ಆಗಸ್ಟ್ 18, ಸೋಮವಾರ

ಇವತ್ತ ಬಿಟ್ಟುಹೋದ ಹುಡುಗರಿಗಿ ಗುಳಿಗಿ ಕೊಡೋ ದಿನ. ಅದಕ್ಕಂತ ಎಲ್ಲಾ ಸಾಲಿಗೂ ಒಂದೊಂದು ಹೊಸ ಪೊಟ್ಟಣ ಬಂದದ. ನಮ್ಮ ಸಾಲ್ಯಾಗ ಬಿಟ್ಟುಹೋದವರೇ ಇಲ್ಲ, ರಿಪೋರ್ಟ್ ಪ್ರಕಾರ. "ಪೊಟ್ಟಣ ಮುಟ್ಟಬ್ಯಾಡ್ರಿ ಮೇಡಂ. ಆ ಗುಳಿಗಿ ಹೆಸರು ಎತ್ತಿದ್ರ ಮಂದಿ ಸಾಲಿಗಿ ಬೆಂಕಿ ಹಚ್ಚ್ಯಾರು" ಅಂದರು ಸಿದ್ದರಾಮೇಶ ಸರ್. ಅವರ ಮಾರಿ ಬಾಡಿತ್ತು. ಕಾಳಜಿ ಇಲ್ಲದ ಮನಿಷ್ಯಾ ಅಲ್ಲ. ಮೂರು ದಿನದಿಂದ ಅವರೂ ಊಟ ಮಾಡಿಲ್ಲ ಅಂತ ಫಕ್ರುನ್ನಿಸಾ ಹೇಳಿದಳು.

ನಾ ಸುಮ್ಮನ ವರಾಂಡಾದಾಗ ಟೇಬಲ್ ಹಾಕಿಕೊಂಡು ಕೂತೆ. ಗುಳಿಗಿ, ನೀರಿನ ಕೊಡ, ರಜಿಸ್ಟರ್. ಯಾಕ ಕೂತೆ ಅಂದ್ರ ನನಗೂ ಗೊತ್ತಿಲ್ಲ. ಮನ್ಯಾಗ ಕೂಡ್ಲಾಕ ಆಗಲಿಲ್ಲ, ಕ್ಲಾಸಿನ್ಯಾಗ ಹುಡುಗರಿಲ್ಲ.

ಊರವರು ಕಾಂಪೌಂಡ್ ಮ್ಯಾಲ ಕೈ ಇಟ್ಟುಕೊಂಡು ಹೊರಗ ನಿಂತಿದ್ದರು. "ಇನ್ನಾ ಯಾರನ್ನ ಕೊಲ್ಲಾಕ ಕುಂತಿ ಬೇ?" ಅಂತ ಒಬ್ಬ ಕೂಗಿದ. ಹನ್ನೆರಡಾತು, ಒಂದಾತು. ಯಾರೂ ಬರಲಿಲ್ಲ.

ಒಂದೂವರಿಗಿ ಹೊರಗಿನ ಗದ್ದಲ ಒಮ್ಮಿಗಲೇ ನಿಂತುಬಿಡ್ತು. ತಲಿ ಎತ್ತಿದೆ. ಮಂದಿ ಎರಡೂ ಕಡಿ ಸರದು ಹಾದಿ ಕೊಟ್ಟಿದ್ದರು. ಮಲ್ಕಮ್ಮ ಗೇಟ್ ದಾಟಿ ಬರಾಕತ್ತಿದ್ದಳು. ಕೈಯಾಗ ಸಣ್ಣ ಮಗಳು ಪ್ರಾಚಿ. ಒಂದನೇ ಕ್ಲಾಸು. ಪಂಚಮಿಗಿ ಅಫಜಲಪುರದ ಅಜ್ಜಿ ಊರಿಗಿ ಹೋದಾಕಿ, ಅಕ್ಕನ ಮಣ್ಣಿಗಿ ಕರಕೊಂಡು ಬಂದಾರ. ಹಿಂದಿನ ಸೋಮವಾರ ಬರಲಾರದ ಇಪ್ಪತ್ತಾರು ಮಂದ್ಯಾಗ ಈಕೀನೂ ಒಬ್ಬಾಕಿ.

"ಏ ಮಲ್ಕಮ್ಮ, ಹುಚ್ಚು ಹಿಡದದೇನ? ಒಂದು ಹೋದದ್ದು ಸಾಲಲಿಲ್ಲೇನ?" ಅಂತ ಹಿಂದಿಂದ ಒಬ್ಬ ಹೆಣ್ಣಮಗಳು ಒದರಿದಳು. ಮಲ್ಕಮ್ಮ ತಿರುಗಿ ನೋಡಲಿಲ್ಲ.

ಟೇಬಲ್ ಮುಂದ ಬಂದು ನಿಂತಳು. ಕಣ್ಣು ಬಾತು ಮುಚ್ಚಿಹೋಗಿದ್ವು. ನಾ ಎದ್ದು ನಿಂತೆ. ತಪ್ಪಾತು ಅನ್ಲೇನು?

"ಅವರಿಗೆಲ್ಲಾ ಗುಳಿಗಿಯಿಂದ ಹೋದಳು ಅಂತ ಅದ" ಅಂದಳು, ಗೇಟಿನ ಕಡಿ ಕೈ ಮಾಡಿ. "ಏನಾತು ಅನ್ನೋದು ನನಗ ಗೊತ್ತದ, ನಿಮಗ ಗೊತ್ತದ." ಆಮ್ಯಾಲ ಪ್ರಾಚಿನ್ನ ಮುಂದ ದೂಡಿದಳು. "ಈಕಿ ಹೆಸರಿನ ಮುಂದ ಏನ್ ಬರದೀರಿ?"

ಒಂದನೇ ಕ್ಲಾಸಿನ ಹಾಳಿ ತಗದೆ. ಓದಾಕ ಬರಲಾರದಾಕಿ, ಬಗ್ಗಿ ನೋಡಿದಳು. ನಾ ಬಟ್ಟು ಇಟ್ಟು ತೋರಿಸಿದೆ. "ಕೊಟ್ಟೇವಂತ ಬರದೇನಿ."

"ಹೊಡದ ಹಾಕ್ರಿ."

ಹಿಂದ ಬಾಗಲದಾಗ ಹೆಡ್‌ಮಾಸ್ತರ ನಿಂತಿದ್ದರು. "ಮೇಡಂ, ರಜಿಸ್ಟರಿನ್ಯಾಗ ಒಂದು ಹೊಡದ್ರ ಎಲ್ಲಾ ಬಯಲಿಗಿ ಬರ್ತದ. ನೀವು ಸಹಿ ಮಾಡಿದ ಹಾಳಿ ಆಗಲೇ ಮ್ಯಾಲ ಹೋಗ್ಯದ. ವಿಚಾರ ಮಾಡ್ರಿ" ಅಂದರು. ಹೆದರಿಸೋ ದನಿ ಅಲ್ಲ, ಅಂಗಲಾಚೋ ದನಿ. ನಾ ಪೆನ್ ತಗೊಂಡು ಪ್ರಾಚಿ ಹೆಸರಿನ ಮುಂದಿನ ರೈಟಿಗಿ ಅಡ್ಡ ಗೆರಿ ಎಳದೆ. ಎಳದ ಮ್ಯಾಲ ಕೈ ನಿಲ್ಲಲಿಲ್ಲ. ಒಂದರಿಂದ ಏಳನೇತ್ತದ ತನಕ ಹಾಳಿ ತಿರುವಿ, ಅವತ್ತ ಬರಲಾರದ ಇಪ್ಪತ್ತಾರು ಮಂದೀದೂ ಹೊಡದೆ. ಪ್ರತಿಯೊಂದರ ಬಾಜೂಕ ಸಹಿ ಹಾಕಿದೆ. ಹೆಡ್‌ಮಾಸ್ತರ ಒಳಗ ಹೋಗಿ ಕುರ್ಚಿ ಮ್ಯಾಲ ಕೂತದ್ದು ಕೇಳಿಸ್ತು.

ಪ್ರಾಚಿ ಮುಂದ ಮಣಕಾಲೂರಿ ಕೂತೆ. "ಹೊಟ್ಟಿ ಕಡಿತದೇನವ್ವಾ?"

ಆಕಿ ಅವ್ವನ ಮಾರಿ ನೋಡಿದಳು.

"ಅವ್ವನ್ನ ನೋಡಬ್ಯಾಡ, ನನಗ ಹೇಳು. ಕಡಿತಿದ್ರ ಕಡಿತದ ಅನ್ನು. ನಾ ಬೈಯಂಗಿಲ್ಲ."

"ಇಲ್ರಿ" ಅಂದಳು.

"ವಾಂತಿ ಬಂದಂಗ ಆಗ್ತದೇನು? ಮೈ ಬಿಸಿ ಆಗಿತ್ತೇನು ರಾತ್ರಿ?" ಹಣಿ ಮುಟ್ಟಿ ನೋಡಿದೆ, ಹೊಟ್ಟಿ ಮೆಲ್ಲಕ ಒತ್ತಿ ನೋಡಿದೆ, ಮೆತ್ತಗಿತ್ತು. ಮತ್ತೊಮ್ಮೆ ಕೇಳಿದೆ. ಮೂರನೇ ಸರ್ತಿ ಕೇಳಿದಾಗ ಆಕಿಗಿ ಬ್ಯಾಸರ ಬಂತು. "ಇಲ್ಲಂತ ಹೇಳಿದೆನಲ್ರೀ. ಹಸಿವಾಗ್ಯದ" ಅಂದಳು.

ಸಾವಿನ ಮನ್ಯಾಗ ಒಲಿ ಹಚ್ಚಿರಲಿಲ್ಲ. ಫಕ್ರುನ್ನಿಸಾ ಯಾರೂ ಹೇಳಲಾರದೇ ತಾಟಿನ್ಯಾಗ ಅನ್ನ, ಬ್ಯಾಳಿ ಹಾಕಿಕೊಂಡು ಬಂದು ಕೊಟ್ಟಳು. ಪ್ರಾಚಿ ವರಾಂಡಾದಾಗ ಕೂತು ಬಟ್ಟು ನೆಕ್ಕಿಕೋತ ಉಂಡಳು. ಮೂವರೂ ನಿಂತು ಆಕಿ ಉಣ್ಣೋದು ನೋಡಿದೆವು. ಹೊರಗಿನ ಮಂದೀನೂ ನೋಡಾಕತ್ತಿದ್ದರು.

ಕೈ ತೊಳಸಿ ಗುಳಿಗಿ ಬಿಚ್ಚಿ ಕೊಟ್ಟೆ. ಕರಮ್ ಕುರುಮ್ ಅಂತ ಅಗದಳು, ಮಾರಿ ಸೊಟ್ಟ ಮಾಡಿದಳು, ನೀರು ಕುಡದಳು. ಬಾಯಿ ತಗಿ ಅಂತ ನಾ ಅನ್ನಲಿಲ್ಲ. ಮಲ್ಕಮ್ಮ ತಾನೇ ಆಕಿ ಗದ್ದ ಹಿಡದು, ಬಾಯಿ ತಗಿಸಿ, ಬೆಳಕಿಗಿ ಹಿಡದು ನೋಡಿದಳು. ನಾಲಿಗಿ ಎತ್ತಿಸಿದಳು. ಎರಡೂ ಗಲ್ಲದಾಗ ಬಟ್ಟು ಹಾಕಿ ನೋಡಿದಳು.

ಆಮ್ಯಾಲ ಸೆರಗಿಲೆ ಬಟ್ಟು ಒರಸಿಕೊಂಡು, ರಜಿಸ್ಟರ್ ನನ್ನ ಕಡಿ ಸರಸಿದಳು.

"ಈಗ ಬರೀರಿ" ಅಂದಳು.